ಡೀಸೆಲ್ಲಿಗೆ ಸ್ಪಿರಿಟ್ ಬೆರೆಸಿದರೆ ಹೊಗೆ ಕಡಿಮೆ ಆಗುತ್ತಾ?

(ಕಲಬುರಗಿಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಲಾರಿ ಮಾಲೀಕರು ಮತ್ತು ಕಬ್ಬು ಬೆಳೆಗಾರರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಮೇಜಿನ ಮೇಲೆ ಎರಡು ದೀಪ ಇಟ್ಟಿದ್ದೇನೆ, ನೋಡಿ. ಒಂದು ಸೀಮೆಎಣ್ಣೆ ಚಿಮಣಿ. ಮೊದಲೆಲ್ಲ ಕರೆಂಟ್ ಹೋದರೆ ಹಚ್ಚುತ್ತಿದ್ದೆವಲ್ಲ, ಅದೇ. ಅದಕ್ಕೆ ಅರ್ಧ ಲೀಟರ್ ಸೀಮೆಎಣ್ಣೆ ಹುಡುಕೋದಕ್ಕೆ ನನಗೆ ಎರಡು ದಿನ ಹಿಡಿಯಿತು, ಅದು ಬೇರೆ ಕಥೆ. ಇನ್ನೊಂದು ಕಾಲೇಜಿನ ಲ್ಯಾಬಿನ ಸ್ಪಿರಿಟ್ ದೀಪ. ಈಗ ಎರಡೂ ಉರಿಯ ಮೇಲೆ ಒಂದೊಂದು ಸ್ಟೀಲ್ ಚಮಚ ಹಿಡಿಯುತ್ತೇನೆ. ಮುಂದಿನ ಸಾಲಿನವರು ಸ್ವಲ್ಪ ಬಗ್ಗಿ ನೋಡಿ. ಚಿಮಣಿ ಮೇಲಿನ ಚಮಚ ಹತ್ತು ಎಣಿಸುವಷ್ಟರಲ್ಲಿ ಕರ್ರಗಾಯಿತು. ಬೆರಳಲ್ಲಿ ಒರೆಸಿದರೆ ಮಸಿ. ನಮ್ಮ ಅಜ್ಜಿ ಔಡಲ ಎಣ್ಣೆ ದೀಪದ ಮೇಲೆ ತಾಟು ಬೋರಲು ಹಾಕಿ ಕಾಡಿಗೆ ಹಿಡಿಯುತ್ತಿದ್ದದ್ದು ಹೀಗೇ. ಸ್ಪಿರಿಟ್ ದೀಪದ ಮೇಲಿನ ಚಮಚ ಬಿಸಿಯಾಗಿದೆ, ಅಷ್ಟೇ. ಬೇಕಾದರೆ ಇದರಲ್ಲೇ ಸಾರು ಬಡಿಸಬಹುದು.

ಇವತ್ತಿನ ವಿಷಯದ ಅರ್ಧ ಭಾಗ ಈ ಎರಡು ಚಮಚದಲ್ಲೇ ಇದೆ. ಡೀಸೆಲ್ಲು ಸೀಮೆಎಣ್ಣೆಯ ಅಣ್ಣ ಇದ್ದ ಹಾಗೆ. ಬರೀ ಇಂಗಾಲ, ಜಲಜನಕ. ಉರಿಯಬೇಕಾದರೆ ಪೂರ್ತಿ ಆಮ್ಲಜನಕ ಹೊರಗಿನ ಗಾಳಿಯಿಂದಲೇ ಬರಬೇಕು. ಸ್ಪಿರಿಟ್ಟು, ಅಂದರೆ ಎಥನಾಲ್, ಹಾಗಲ್ಲ. ಅದರ ತೂಕದಲ್ಲಿ ಸುಮಾರು 35 ಶೇಕಡಾ ಆಮ್ಲಜನಕವೇ. ಬುತ್ತಿ ಕಟ್ಟಿಕೊಂಡು ಬಂದ ಹಾಗೆ.

ಬುತ್ತಿ ಯಾಕೆ ಮುಖ್ಯ ಅಂತ ಹೇಳುತ್ತೇನೆ. ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಹದಿನೇಳು ಹದಿನೆಂಟು ಪಟ್ಟು ಅದುಮುತ್ತೇವೆ, ಅದು ಕಾದು ಕೆಂಡದಂತಾಗುತ್ತದೆ, ಆಗ ನೋಝಲ್‌ನಿಂದ ಡೀಸೆಲ್ ಚಿಮ್ಮಿಸುತ್ತೇವೆ, ತಾನೇ ಹೊತ್ತಿಕೊಳ್ಳುತ್ತದೆ. ಆದರೆ ಚಿಮ್ಮಿದ ಡೀಸೆಲ್ಲಿಗೆಲ್ಲ ಒಂದೇ ಸಲ ಗಾಳಿ ಸಿಗುವುದಿಲ್ಲ. ಮದುವೆ ಮನೆಯಲ್ಲಿ ಬಡಿಸುವವನ ಸುತ್ತ ಜನ ಮುತ್ತಿಕೊಂಡರೆ ಅಂಚಿನಲ್ಲಿದ್ದವರಿಗೆ ಸಿಗುತ್ತೆ, ನಡುವೆ ಸಿಕ್ಕಿಹಾಕಿಕೊಂಡವರಿಗೆ ಇಲ್ಲ, ಅಲ್ವಾ? ಸ್ಪ್ರೇ ನಡುವಿನ ಡೀಸೆಲ್ಲಿನದೂ ಅದೇ ಗತಿ. ಸುತ್ತ ಭಾರೀ ಬಿಸಿ, ಉಸಿರಿಗೆ ಗಾಳಿ ಇಲ್ಲ. ಒಡೆದು ಒಡೆದು ಇಂಗಾಲದ ಕಣ ಆಗುತ್ತದೆ. ಅದರಲ್ಲಿ ಬಹುಪಾಲು ಆಮೇಲೆ ಸುಟ್ಟು ಹೋಗುತ್ತದೆ, ಉಳಿದದ್ದು ಸೈಲೆನ್ಸರಿನಿಂದ ಹೊರಗೆ. ಹುಮನಾಬಾದ್ ಘಾಟಿನಲ್ಲಿ ಲೋಡ್ ಗಾಡಿಯ ಹಿಂದೆ ಬೈಕಿನಲ್ಲಿ ಹೋದವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ನಡುವೆ ಸಿಕ್ಕವನ ಹತ್ತಿರವೇ ಬುತ್ತಿ ಇದ್ದರೆ? ಉಪವಾಸ ಬೀಳುವುದಿಲ್ಲ, ಮಸಿ ಕಡಿಮೆ ಆಗುತ್ತದೆ. ಈ ಮಸಿ ಬರೀ ಅಂಗಿ ಕೊಳೆ ಮಾಡೋ ವಿಷಯ ಅಲ್ಲ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಮೊದಲ ಗುಂಪಿಗೆ ಸೇರಿಸಿದೆ. ತಂಬಾಕು ಇರುವ ಗುಂಪು ಅದು.

ನಾನು ಈ ಕೆಲಸಕ್ಕೆ ಇಳಿದಾಗ ನಮ್ಮ ಹತ್ತಿರ ಇದ್ದದ್ದು ಎಲ್ಲ ಕಾಲೇಜಿನಲ್ಲೂ ಇರುವ ಅದೇ ಒಂದು ಸಿಲಿಂಡರಿನ, ನೀರಿನಿಂದ ತಂಪು ಮಾಡುವ, 1500 ಆರ್‌ಪಿಎಂ ಎಂಜಿನ್. ಹೊಲದ ಪಂಪ್‌ಸೆಟ್ಟಿನ ದಾಯಾದಿ. ಹೊಗೆ ಅಳೆಯೋದಕ್ಕೆ ಒಂದು ಹಳೇ ಪಂಪು: ಸೈಲೆನ್ಸರಿನಿಂದ ಅಳತೆಯಷ್ಟು ಹೊಗೆ ಎಳೆದು ಬಿಳಿ ಫಿಲ್ಟರ್ ಕಾಗದದ ಮೂಲಕ ಹಾಯಿಸುತ್ತದೆ, ಕಾಗದ ಎಷ್ಟು ಕಪ್ಪಾಯಿತು ಅನ್ನೋದೇ ಲೆಕ್ಕ. ಆ ಕಾಗದಗಳನ್ನು ನಾನು ಒಂದು ನೋಟ್‌ಬುಕ್ಕಿನಲ್ಲಿ ಅಂಟಿಸಿ ಇಟ್ಟುಕೊಂಡಿದ್ದೇನೆ, ಕೈಯಿಂದ ಕೈಗೆ ಕಳಿಸುತ್ತೇನೆ, ದಯವಿಟ್ಟು ಹರಿಯಬೇಡಿ. ಎಡಗಡೆ ಬರೀ ಡೀಸೆಲ್, ಪೂರ್ತಿ ಲೋಡು. ಹಂಚಿನ ಅಡಿಯ ಹಾಗಿದೆ. ಬಲಗಡೆ ನೂರಕ್ಕೆ ಹತ್ತು ಪಾಲು ಎಥನಾಲ್ ಬೆರೆಸಿದ್ದು, ಅದೇ ಲೋಡು. ಸ್ಲೇಟಿನ ಬಣ್ಣ. ಯಾವ ಗ್ರಾಫೂ ಬೇಡ, ವ್ಯತ್ಯಾಸ ಬರಿಗಣ್ಣಿಗೆ ಕಾಣುತ್ತೆ. ಅವತ್ತು ನಾವು ಕುಣಿದಾಡಿಬಿಟ್ಟೆವು.

ಮರುದಿನ ಲೋಡ್ ತೆಗೆದು ಸುಮ್ನೆ ಐಡಲ್‌ನಲ್ಲಿ ಓಡಿಸಿದೆವು. ಕಾಗದ ಎರಡೂ ಹೆಚ್ಚು ಕಡಿಮೆ ಒಂದೇ. ಆದರೆ ಅರ್ಧ ಗಂಟೆಯಲ್ಲಿ ಲ್ಯಾಬಿನಲ್ಲಿದ್ದ ಎಲ್ಲರ ಕಣ್ಣು ಉರಿಯತೊಡಗಿತು. ಈರುಳ್ಳಿ ಹೆಚ್ಚಿದ ಹಾಗೆ. ಹೊಗೆ ಕಾಣುತ್ತಿಲ್ಲ, ಕಣ್ಣಲ್ಲಿ ಮಾತ್ರ ನೀರು. ಅದು ಆಲ್ಡಿಹೈಡು. ಎಥನಾಲ್ ಅರೆಬರೆ ಸುಟ್ಟರೆ ಅಸಿಟಾಲ್ಡಿಹೈಡ್ ಆಗುತ್ತೆ, ಅದರ ತಮ್ಮನಂಥ ಇನ್ನೊಂದು ಸ್ಪಿರಿಟ್ಟು ಮೆಥನಾಲ್ ಆದರೆ ಫಾರ್ಮಾಲ್ಡಿಹೈಡ್. ಲೋಡ್ ಕಡಿಮೆ ಇದ್ದಾಗ ಸಿಲಿಂಡರ್ ಅಷ್ಟೊಂದು ಕಾದಿರುವುದಿಲ್ಲ, ಅದರ ಮೇಲೆ ಈ ಎಥನಾಲ್ ಇನ್ನಷ್ಟು ತಂಪು ಮಾಡುತ್ತದೆ. ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವ ಮುಂಚೆ ಸ್ಪಿರಿಟ್ ಹತ್ತಿ ಒರೆಸಿದಾಗ ಚಳಿ ಅನಿಸುತ್ತಲ್ಲ, ಅದೇ ಗುಣ. ಆವಿಯಾಗೋದಕ್ಕೆ ಡೀಸೆಲ್ಲಿನ ಮೂರು ಪಟ್ಟಿಗೂ ಹೆಚ್ಚು ಶಾಖ ಹೀರುತ್ತದೆ. ಹಾಗಾಗಿ ಐಡಲ್‌ನಲ್ಲಿ ಕಾರ್ಬನ್ ಮಾನಾಕ್ಸೈಡು, ಸುಡದೆ ಉಳಿದ ಇಂಧನ ಎರಡೂ ಏರುತ್ತವೆ. ಹೊಗೆ ಕಪ್ಪಗಿಲ್ಲ ಅಂತ ಸೈಲೆನ್ಸರಿನ ಪಕ್ಕ ಕೂತು ಚಹಾ ಕುಡಿಯಬೇಡಿ.

ನೈಟ್ರೋಜನ್ ಆಕ್ಸೈಡುಗಳ ವಿಷಯ ಇನ್ನೂ ಗೋಜಲು. ಗಾಳಿಯಲ್ಲಿರೋ ಸಾರಜನಕ ಸುಮ್ಮನೆ ಇರುವ ಗಿರಾಕಿ, ಆದರೆ ಉರಿ ವಿಪರೀತ ಬಿಸಿಯಾದರೆ ಆಮ್ಲಜನಕದ ಜೊತೆ ಸೇರಿಬಿಡುತ್ತದೆ. ಎಥನಾಲ್ ತಂಪು ಮಾಡುವುದರಿಂದ ಇದು ಕಡಿಮೆ ಆಗಬೇಕು. ಕೆಲವು ಸಲ ಆಗುತ್ತೆ. ಇನ್ನು ಕೆಲವು ಸಲ ಜಾಸ್ತಿಯೇ ಆಗುತ್ತೆ. ಯಾಕೆ? ಎಥನಾಲ್ ಒತ್ತಡಕ್ಕೆ ಹೊತ್ತಿಕೊಳ್ಳುವ ವಿಷಯದಲ್ಲಿ ಮಹಾ ಸೋಮಾರಿ. ಹೊತ್ತಿಕೊಳ್ಳುವ ಚುರುಕನ್ನು ಸೀಟೇನ್ ಸಂಖ್ಯೆ ಅಂತ ಅಳೆಯುತ್ತಾರೆ. ಬಿಎಸ್ 6, ಅಂದರೆ ಈಗಿನ ಹೊಗೆ ನಿಯಮದ ಡೀಸೆಲ್ಲಿಗೆ ಅದು ಕನಿಷ್ಠ 51 ಇರಬೇಕು, ಎಥನಾಲ್‌ಗೆ ಹತ್ತು ಕೂಡ ಇಲ್ಲ. ಹೀಗಾಗಿ ಚಿಮ್ಮಿದ ಇಂಧನ ತಡ ಮಾಡಿ, ತಡ ಮಾಡಿ, ಆಮೇಲೆ ಎಲ್ಲಾ ಒಟ್ಟಿಗೇ ಭಗ್ ಅಂತ ಹತ್ತುತ್ತದೆ. ಎಂಜಿನ್ ಖಟಖಟ ಅನ್ನೋದು ಆಗಲೇ. ಲೋಡು, ಟೈಮಿಂಗು ಅಂದರೆ ಇಂಧನ ಚಿಮ್ಮಿಸುವ ಗಳಿಗೆ, ಬೆರೆಸಿದ ಪ್ರಮಾಣ, ಎಲ್ಲದರ ಮೇಲೂ ಫಲಿತಾಂಶ ತಿರುಗುತ್ತದೆ. ಒಂದೇ ಎಂಜಿನ್ನಿನಲ್ಲಿ ಬೆಳಗ್ಗೆ ಒಂದು ಉತ್ತರ, ಟೈಮಿಂಗ್ ಎರಡು ಡಿಗ್ರಿ ಬದಲಿಸಿದರೆ ಸಂಜೆ ಇನ್ನೊಂದು ಉತ್ತರ ಬಂದದ್ದನ್ನು ನಾನೇ ನೋಡಿದ್ದೇನೆ. ಪ್ರಾಜೆಕ್ಟ್ ಮಾಡುವ ಹುಡುಗರು ಇಷ್ಟು ನೆನಪಿಟ್ಟುಕೊಳ್ಳಿ. ಲೋಡು ಎಷ್ಟು, ಟೈಮಿಂಗ್ ಎಷ್ಟು ಅಂತ ಬರೆಯದೆ ಇಷ್ಟು ಶೇಕಡಾ ಕಡಿಮೆ ಆಯಿತು ಅಂತ ಬರೆದರೆ ಆ ವರದಿಯಲ್ಲಿ ಭಜಿ ಕಟ್ಟಿಕೊಡಬಹುದು.

ಲಾರಿ ಮಾಲೀಕರು ಆಗಲೇ ಪಕ್ಕದವರ ಹತ್ತಿರ ಕೇಳುತ್ತಿದ್ದರು, ಆವರೇಜ್ ಏನಾಗುತ್ತೆ ಅಂತ. ಇಳಿಯುತ್ತೆ. ಒಂದು ಲೀಟರ್ ಡೀಸೆಲ್ಲಿನಲ್ಲಿ ಸುಮಾರು 36 ಮೆಗಾಜೂಲ್ ಶಕ್ತಿ, ಒಂದು ಲೀಟರ್ ಎಥನಾಲಿನಲ್ಲಿ 21. ಹತ್ತು ಶೇಕಡಾ ಬೆರೆಸಿದರೆ ಲೀಟರಿಗೆ ಸುಮಾರು ನಾಲ್ಕು ಶೇಕಡಾ ಶಕ್ತಿ ಕಡಿಮೆ. ನಾಲ್ಕು ಅಂದರೆ ನಕ್ಕು ಬಿಡಬಹುದು, ಹೈದರಾಬಾದಿಗೆ ವಾರಕ್ಕೆ ಮೂರು ಟ್ರಿಪ್ ತೊಗರಿ ಬೇಳೆ ಹೊಡೆಯುವವರಿಗೆ ಅದು ನಗುವ ಮಾತಲ್ಲ.

ಈಗ ಮೂರನೇ ಸಾಮಾನು ತೆಗೆಯುತ್ತೇನೆ. ದೀಪ ಎರಡನ್ನೂ ಆರಿಸಿದ್ದೇನೆ ತಾನೇ? ಸರಿ. ಇದು ಗಾಜಿನ ಅಳತೆ ಜಾಡಿ. 90 ಮಿಲಿ ಡೀಸೆಲ್, 10 ಮಿಲಿ ನೀರಿಲ್ಲದ ಎಥನಾಲ್. ಮುಚ್ಚಿ ಅಲ್ಲಾಡಿಸಿದೆ. ತಿಳಿಯಾಗಿದೆ, ಹಿಂದೆ ಪೇಪರ್ ಹಿಡಿದರೆ ಅಕ್ಷರ ಓದಬಹುದು. ಈಗ ಡ್ರಾಪರಿನಲ್ಲಿ ನೀರು. ಒಂದು ಹನಿ. ಎರಡು. ಅಲ್ಲಾಡಿಸುತ್ತೇನೆ. ಇನ್ನೊಂದೆರಡು. ಹಾಂ, ನೋಡಿ, ಮಜ್ಜಿಗೆ ನೀರಿನ ಹಾಗೆ ಕದಡಿತು. ಈಗ ಅರ್ಧ ಚಮಚ ನೀರು ಹಾಕಿ ಪಕ್ಕಕ್ಕೆ ಇಡುತ್ತೇನೆ, ಮಾತು ಮುಗಿಯುವಷ್ಟರಲ್ಲಿ ಕೆಳಗೆ ಬೇರೆ ಪದರ ಕೂತಿರುತ್ತದೆ. ಎಥನಾಲಿಗೆ ಡೀಸೆಲ್ಲಿಗಿಂತ ನೀರಿನ ಮೇಲೆ ಪ್ರೀತಿ ಜಾಸ್ತಿ. ನೀರು ಕಂಡ ತಕ್ಷಣ ಡೀಸೆಲ್ಲಿನ ಕೈ ಬಿಟ್ಟು ಅದರ ಜೊತೆ ಹೋಗುತ್ತದೆ. ನೀರೇ ಬೇಡ, ಚಳಿ ಸಾಕು. ಹತ್ತು ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೋದರೆ ಒಣ ಎಥನಾಲ್ ಕೂಡ ಡೀಸೆಲ್ಲಿನಿಂದ ಬೇರೆ ಆಗತೊಡಗುತ್ತದೆ. ಕಲಬುರಗಿಯವರು ಚಳಿ ಎಲ್ಲಿದೆ ಅಂತ ಕೇಳಬಹುದು. ಜನವರಿಯ ಬೆಳಗ್ಗೆ ಐದಕ್ಕೆ ಬೀದರ್ ಬಸ್ ಸ್ಟ್ಯಾಂಡಿನಲ್ಲಿ ನಿಂತು ನೋಡಿ, ಆಮೇಲೆ ಮಾತಾಡೋಣ.

ನನಗೆ ಈ ಪಾಠ ಆದದ್ದು ಜಾಡಿಯಲ್ಲಲ್ಲ, ಡ್ರಮ್ಮಿನಲ್ಲಿ. ಒಂದು ಮಳೆಗಾಲ, ಮಿಶ್ರಣ ಮಾಡಿ ಡ್ರಮ್ಮಿಗೆ ತುಂಬಿ ಶೆಡ್ಡಿನಲ್ಲಿ ಇಟ್ಟಿದ್ದೆವು. ಬಿರಡೆ ಸರಿಯಾಗಿ ಬಿಗಿದಿರಲಿಲ್ಲ, ಬಿಗಿಯಬೇಕಾಗಿದ್ದವನು ನಾನೇ. ಎಂಟು ದಿನ ಬಿಟ್ಟು ಕೆಳಗಿನ ನಲ್ಲಿಯಿಂದ ಬಿಟ್ಟುಕೊಂಡು ಎಂಜಿನ್ ಹಚ್ಚಿದರೆ ಎರಡು ನಿಮಿಷ ಕೆಮ್ಮಿ ನಿಂತಿತು. ಹುಡುಗರು ಹ್ಯಾಂಡಲ್ ತಿರುಗಿಸಿ ತಿರುಗಿಸಿ ಭುಜ ಹಿಡಿದುಕೊಂಡು ಕೂತರು. ನಾನು ಸೀಟೇನ್, ಡಿಲೇ ಅಂತ ಬೋರ್ಡಿನ ಮೇಲೆ ಬರೆದು ವಿಚಾರ ಮಾಡುತ್ತಿದ್ದೇನೆ. ಕಡೆಗೆ ಪಂಪು, ನೋಝಲ್ ಬಿಚ್ಚಲು ಊರಿನ ಮಿಸ್ತ್ರಿಯನ್ನು ಕರೆಸಿದೆವು. ಅವರು ಏನೂ ಬಿಚ್ಚಲಿಲ್ಲ. ಪೈಪಿನ ತುದಿಗೆ ಬೆರಳು ಹಚ್ಚಿ ಮೂಸಿದರು. "ಸರ್ರ, ಇದು ಡೀಸೆಲ್ ಅಲ್ರಿ, ದಾರು ಅದ. ನೀರೂ ಕೂಡ್ಯಾವ" ಅಂದರು. ಡ್ರಮ್ಮಿನ ತಳದಲ್ಲಿ ನೀರು ಸೇರಿದ ಎಥನಾಲ್ ಕೂತು, ನಾವು ಅದನ್ನೇ ಎಂಜಿನ್ನಿಗೆ ಕುಡಿಸಿದ್ದೆವು. ಆಮೇಲೆ ಪಂಪಿನ ಪ್ಲಂಜರ್ ತೆಗೆದು ನೋಡಿದರೆ ಸಣ್ಣ ಗೀರುಗಳು ಕೂಡ ಬಿದ್ದಿದ್ದವು. ಡೀಸೆಲ್ ಪಂಪಿಗೆ ಬೇರೆ ಆಯಿಲ್ ಇಲ್ಲ, ಡೀಸೆಲ್ಲೇ ಅದರ ಜಿಡ್ಡು. ಎಥನಾಲಿನಲ್ಲಿ ಆ ಜಿಡ್ಡು ಇಲ್ಲ.

ನಾನು ಅವತ್ತಿನಿಂದ ಹೇಳುತ್ತಾ ಬಂದಿರೋದು ಇದೇ. ಎಂಜಿನ್ನಿನ ಒಳಗಿನ ತೊಂದರೆಗಳಿಗೆ ಮದ್ದು ಇದೆ. ಸೀಟೇನ್ ಕಡಿಮೆಯೇ? ಅದನ್ನು ಏರಿಸೋ ರಾಸಾಯನಿಕ ಸಿಗುತ್ತೆ. ಜಿಡ್ಡು ಇಲ್ಲವೇ? ಅದಕ್ಕೂ ಸಿಗುತ್ತೆ. ಟೈಮಿಂಗ್ ತಿರುಗಿಸಬಹುದು. ಕಷ್ಟ ಇರೋದು ಎಂಜಿನ್ನಿಗೆ ಬರುವ ಮುಂಚೆ, ಡ್ರಮ್ಮಿನಲ್ಲಿ, ಟ್ಯಾಂಕಿನಲ್ಲಿ, ಬಂಕಿನ ನೆಲದಡಿಯಲ್ಲಿ.

ಟ್ಯಾಂಕ್ ಅಂದೆನಲ್ಲ, ಇನ್ನೊಂದು ಮಾತು. ಇದನ್ನು ಜನ ಹೇಳೋದೇ ಇಲ್ಲ. ಪೆಟ್ರೋಲ್ ಟ್ಯಾಂಕಿನ ಖಾಲಿ ಜಾಗದಲ್ಲಿ ಆವಿ ಎಷ್ಟು ದಟ್ಟ ಇರುತ್ತದೆ ಅಂದರೆ ಸಾಮಾನ್ಯವಾಗಿ ಒಳಗೆ ಬೆಂಕಿ ಹತ್ತೋದಕ್ಕೆ ಗಾಳಿ ಸಾಲುವುದಿಲ್ಲ. ಡೀಸೆಲ್ ಟ್ಯಾಂಕಿನಲ್ಲಿ ಆವಿಯೇ ಇಷ್ಟಿಷ್ಟು. ಎರಡೂ ಒಂದು ರೀತಿ ಕ್ಷೇಮ. ಎಥನಾಲ್ ಬೆರೆಸಿದ ಡೀಸೆಲ್ಲಿನ ಮೇಲೆ ಇರುವ ಆವಿ ಸಾಧಾರಣ ಹವೆಯಲ್ಲಿ ಸರಿಯಾಗಿ ಹತ್ತುವ ಹದದಲ್ಲಿ ಇರುತ್ತದೆ. ಎಥನಾಲಿನ ಆವಿ ಕಿಡಿ ತಾಗಿದರೆ ಹತ್ತಿಕೊಳ್ಳೋದಕ್ಕೆ 13 ಡಿಗ್ರಿ ಸಾಕು, ಸ್ವಲ್ಪವೇ ಬೆರೆಸಿದರೂ ಇಡೀ ಡೀಸೆಲ್ಲು ಆ ಮಟ್ಟಕ್ಕೆ ಇಳಿದುಬಿಡುತ್ತದೆ. ಹೊಲದಲ್ಲಿ ಬೀಡಿ ಸೇದುತ್ತಾ ಕ್ಯಾನಿನಿಂದ ಟ್ರ್ಯಾಕ್ಟರಿಗೆ ಡೀಸೆಲ್ ಸುರಿಯುವವರನ್ನು ನಾನು ನೀವು ಎಲ್ಲರೂ ನೋಡಿದ್ದೇವೆ. ಡೀಸೆಲ್ ಇಷ್ಟು ದಿನ ಅವರನ್ನು ಕ್ಷಮಿಸಿದೆ. ಇದು ಕ್ಷಮಿಸಲ್ಲ. ಅದಕ್ಕೇ ಮನೆಯಲ್ಲಿ, ಗ್ಯಾರೇಜಿನಲ್ಲಿ ಯಾರೂ ಇದನ್ನು ಬೆರೆಸಲು ಹೋಗಬೇಡಿ. ಮೇ ತಿಂಗಳ ನಮ್ಮ 43, 44 ಡಿಗ್ರಿ ಬಿಸಿಲಿನಲ್ಲಿ ಇನ್ನೊಂದು ಕಾಟವೂ ಇದೆ. ಎಥನಾಲ್ 78 ಡಿಗ್ರಿಗೇ ಕುದಿಯುತ್ತದೆ, ಎಂಜಿನ್ ಪಕ್ಕದ ಪೈಪಿನಲ್ಲಿ ಗುಳ್ಳೆ ಎದ್ದು ಗಾಡಿ ಏರ್ ಹಿಡಿದು ನಡುದಾರಿಯಲ್ಲಿ ನಿಲ್ಲುತ್ತದೆ.

ಹಾಗಂತ ಇದು ಬರೀ ಲ್ಯಾಬಿನ ಆಟ ಅಂದುಕೊಳ್ಳಬೇಡಿ. ನಮ್ಮ ಕೆಎಸ್‌ಆರ್‌ಟಿಸಿಯೇ 7.7 ಶೇಕಡಾ ಎಥನಾಲ್ ಬೆರೆಸಿದ ಡೀಸೆಲ್ಲಿನಲ್ಲಿ ಬಸ್ಸುಗಳನ್ನು ಓಡಿಸಿತ್ತು, ಎರಡೂ ಬೇರೆ ಆಗದಂತೆ ಹಿಡಿದಿಡುವ ಒಂದು ರಾಸಾಯನಿಕ ಸೇರಿಸಿ. 2023ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ 15 ಶೇಕಡಾ ಮೆಥನಾಲ್ ಬೆರೆಸಿದ ಡೀಸೆಲ್ ಬಸ್ಸುಗಳ ಪ್ರಯೋಗಕ್ಕೆ ಚಾಲನೆ ಕೊಟ್ಟರು. ನಾಗಪುರದಲ್ಲಿ 2014ರಲ್ಲಿ ಬಂದ ಸ್ಕಾನಿಯಾ ಬಸ್ಸು ಇನ್ನೂ ಒಂದು ಹೆಜ್ಜೆ ಮುಂದೆ. ಅದರಲ್ಲಿ ಡೀಸೆಲ್ಲೇ ಇಲ್ಲ, 95 ಶೇಕಡಾ ಎಥನಾಲು, ಉಳಿದದ್ದು ಹೊತ್ತಿಸುವ ಮದ್ದು ವಗೈರೆ. ಸೋಮಾರಿ ಎಥನಾಲನ್ನು ಎಬ್ಬಿಸಲು ಆ ಎಂಜಿನ್ನಿನಲ್ಲಿ ಗಾಳಿಯನ್ನು 28 ಪಟ್ಟು ಅದುಮುತ್ತಾರೆ. ಆದರೆ ದೇಶಾದ್ಯಂತ ಎಲ್ಲ ಬಂಕಿಗೂ ಅಂತ ಬಂದಾಗ ಲೆಕ್ಕವೇ ಬೇರೆ. 2025ರಲ್ಲಿ ಕೇಂದ್ರ ಸಾರಿಗೆ ಸಚಿವರೇ ಹೇಳಿದರು, ಡೀಸೆಲ್ಲಿಗೆ ಹತ್ತು ಶೇಕಡಾ ಎಥನಾಲ್ ಬೆರೆಸುವ ಪ್ರಯತ್ನ ಫಲ ಕೊಡಲಿಲ್ಲ, ಈಗ ಐಸೊಬ್ಯುಟನಾಲ್ ಬೆರೆಸಿ ನೋಡುತ್ತಿದ್ದೇವೆ ಅಂತ. ಪೆಟ್ರೋಲಿನಲ್ಲಿ 20 ಶೇಕಡಾ ಮುಟ್ಟಿದ ದೇಶ ಡೀಸೆಲ್ಲಿನಲ್ಲಿ ಹತ್ತಕ್ಕೆ ಎಡವಿತು ನೋಡಿ. ನಾವು ಸುಡೋದು ಪೆಟ್ರೋಲಿನ ಎರಡು ಪಟ್ಟಿಗೂ ಜಾಸ್ತಿ ಡೀಸೆಲ್ಲು, ಆದ್ದರಿಂದ ಎಡವಿದ್ದು ಸಣ್ಣ ಕಲ್ಲಲ್ಲ.

ಐಸೊಬ್ಯುಟನಾಲ್ ಅಂದರೆ ಬ್ಯುಟನಾಲಿನ ಒಂದು ರೂಪ. ಈ ಬ್ಯುಟನಾಲ್ ಯಾರು? ಎಥನಾಲಿನ ಮನೆಯವನೇ, ಎರಡು ಇಂಗಾಲ ಜಾಸ್ತಿ. ಅಷ್ಟಕ್ಕೇ ಸ್ವಭಾವ ಬದಲಾಗಿಬಿಡುತ್ತೆ. ಡೀಸೆಲ್ಲಿನ ಜೊತೆ ಜಗಳವಿಲ್ಲದೆ ಬೆರೆಯುತ್ತದೆ, ಸ್ವಲ್ಪ ನೀರು ಕಂಡರೆ ಓಡಿಹೋಗುವುದಿಲ್ಲ, ಶಕ್ತಿಯೂ ಹೆಚ್ಚು, ಬೇಗ ಆವಿಯಾಗುವುದಿಲ್ಲ. ಬುತ್ತಿ ಮಾತ್ರ ಸಣ್ಣದು, ಆಮ್ಲಜನಕ ಸುಮಾರು 22 ಶೇಕಡಾ. ನನ್ನನ್ನು ಕೇಳಿದರೆ ಡೀಸೆಲ್ಲಿಗೆ ಸರಿಯಾದ ಜೋಡಿ ಇದೇ. ಆದರೆ ಮಾಡೋದು ಕಷ್ಟ. ಕಾಕಂಬಿಗೆ ಯೀಸ್ಟ್ ಹಾಕಿದ ಹಾಗೆ ಸುಲಭವಲ್ಲ, ಬೇರೆ ಸೂಕ್ಷ್ಮಜೀವಿ ಬೇಕು, ಬ್ಯುಟನಾಲ್ ಸ್ವಲ್ಪ ಹೆಚ್ಚಾದ ಕೂಡಲೇ ಆ ಜೀವಿಗಳೇ ಸಾಯುತ್ತವೆ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಖಾಯಿಮ್ ವೈಝ್‌ಮನ್ ಅನ್ನುವವರು ಮದ್ದುಗುಂಡಿಗೆ ಬೇಕಾದ ಅಸಿಟೋನನ್ನು ಹೀಗೆ ಹುಳಿಬರಿಸಿ ತೆಗೆದರು, ಬ್ಯುಟನಾಲು ಅದರ ಜೊತೆಗೆ ಬಂದ ಉಪ ಪದಾರ್ಥ. ಅದೇ ಮನುಷ್ಯ ಆಮೇಲೆ ಇಸ್ರೇಲಿನ ಮೊದಲ ಅಧ್ಯಕ್ಷರಾದರು. ನಮ್ಮ ಕೆಮಿಸ್ಟ್ರಿ ಮೇಷ್ಟ್ರುಗಳಿಗೆ ಇನ್ನೂ ಆಸೆ ಇಟ್ಟುಕೊಳ್ಳಬಹುದು.

ಹೊಸ ಗಾಡಿ ಇರುವವರಿಗೆ ಇದೆಲ್ಲ ಎಷ್ಟು ಬೇಕು? ನಿಜ ಹೇಳಬೇಕೆಂದರೆ, ಕಡಿಮೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಲಾರಿಗಳಲ್ಲಿ ಮಸಿ ಹಿಡಿಯೋದಕ್ಕೆ ಫಿಲ್ಟರ್ ಇದೆ, ನೈಟ್ರೋಜನ್ ಆಕ್ಸೈಡಿಗೆ ಯೂರಿಯಾ ನೀರು ಇದೆ. ಅಲ್ಲಿ ಎಥನಾಲ್ ಮಾಡಬಹುದಾದ ಉಪಕಾರ ಅಂದರೆ ಫಿಲ್ಟರಿಗೆ ಬರುವ ಮಸಿ ಸ್ವಲ್ಪ ಕಡಿಮೆ ಆಗಿ, ಅದು ತುಂಬೋದು ತಡ ಆಗುತ್ತೆ, ಅಷ್ಟೇ. ನಿಜವಾದ ಲಾಭ ಇರೋದು ಹಳೇ ಲಾರಿ, ಟ್ರ್ಯಾಕ್ಟರು, ಕಲ್ಲಿನ ಪಾಲಿಶ್ ಮಷಿನ್ನಿನ ಜನರೇಟರು, ಬೋರಿನ ಎಂಜಿನ್ನು ಇಂಥವಕ್ಕೆ. ವಿಚಿತ್ರ ನೋಡಿ, ಮಿಶ್ರಣವನ್ನು ಜೋಪಾನವಾಗಿ ಇಟ್ಟುಕೊಳ್ಳುವ ವ್ಯವಸ್ಥೆ ತೀರಾ ಕಡಿಮೆ ಇರೋದೂ ಇದೇ ಜಾಗಗಳಲ್ಲಿ. ಇದಕ್ಕೆ ಒಂದು ದಾರಿ, ಬೆರೆಸದೇ ಇರೋದು. ಎಥನಾಲಿಗೆ ಬೇರೆ ಸಣ್ಣ ಟ್ಯಾಂಕ್, ಗಾಳಿ ಹೋಗುವ ದಾರಿಯಲ್ಲಿ ಅದನ್ನು ತುಂತುರು ಮಾಡೋದು. ಬೇರೆ ಆಗುವ ತಲೆನೋವೇ ಇಲ್ಲ. ಆದರೆ ಐಡಲ್‌ನಲ್ಲಿ ಎಥನಾಲ್ ನಿಲ್ಲಿಸೋ ವ್ಯವಸ್ಥೆ ಬೇಕು, ಇಲ್ಲದಿದ್ದರೆ ಕಣ್ಣುರಿ ದುಪ್ಪಟ್ಟು.

ಅಫಜಲಪುರ, ಆಳಂದ, ಭಾಲ್ಕಿ ಕಡೆಯ ಕಬ್ಬಿನವರು ಇಲ್ಲಿದ್ದೀರಿ, ನಿಮಗೆ ಇಷ್ಟವಾಗದ ಒಂದು ಮಾತೂ ಹೇಳಿಬಿಡುತ್ತೇನೆ. ಎಥನಾಲಿಗಾಗಿ ಇನ್ನೂ ಕಬ್ಬು ಹಾಕಿ ಅಂತ ನಾನು ಹೇಳಲಾರೆ. ಬೇಸಿಗೆಯಲ್ಲಿ ಭೀಮೆಯನ್ನು ನೀವೇ ನೋಡುತ್ತೀರಿ. ಬೀದರಿನಿಂದ ಹೈದರಾಬಾದಿಗೆ ಹೋಗುವಾಗ ಪಟಾನ್‌ಚೆರು ಸಿಗುತ್ತಲ್ಲ, ಅಲ್ಲಿಯ ಇಕ್ರಿಸಾಟ್ ಅನ್ನೋ ಬೆಳೆ ಸಂಶೋಧನಾ ಸಂಸ್ಥೆಯವರು ಸಿಹಿ ಜೋಳದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ದಂಟಿನಲ್ಲಿ ಕಬ್ಬಿನ ಹಾಗೆ ರಸ, ಮೇಲೆ ತೆನೆ, ಕಬ್ಬಿಗಿಂತ ಬಹಳ ಕಡಿಮೆ ನೀರು, ನಾಲ್ಕು ತಿಂಗಳ ಬೆಳೆ. ಜೋಳ ಬೆಳೆಯೋದನ್ನು ನಮಗೆ ಯಾರೂ ಕಲಿಸಬೇಕಿಲ್ಲ. ತೊಡಕು ಒಂದೇ, ಕೊಯ್ದ ಮೇಲೆ ರಸ ಬೇಗ ಕೆಡುತ್ತೆ, ಹತ್ತಿರದಲ್ಲೇ ಅರೆಯುವ ಘಟಕ ಬೇಕು.

ಪ್ರಶ್ನೆ ಕೇಳಿ ಅಂದಾಗ ಮೊದಲು ಎದ್ದವರು ಹಿಂದೆ ಕೂತಿದ್ದ ಒಬ್ಬ ಹಿರಿಯ ಲಾರಿ ಮಾಲೀಕರು. "ಅದೆಲ್ಲಾ ಖರೆ ಅದರಿ ಸರ. ನಂದು ಹದಿನೈದು ವರ್ಷದ ಹಳೇ ಗಾಡಿ, ಹೊಗಿ ಅಂದ್ರ ಹೊಗಿ. ನಾ ಇವತ್ತ ಏನ್ ಮಾಡ್ಲಿ?" ಅಂದರು.

ನೋಝಲ್ ಕಡೇ ಸಲ ಯಾವಾಗ ಚೆಕ್ ಮಾಡಿಸಿದ್ದೀರಿ ಅಂತ ಕೇಳಿದೆ. ಅವರು ನಕ್ಕರು. ಏರ್ ಫಿಲ್ಟರ್? ಪಕ್ಕದಲ್ಲಿದ್ದ ಡ್ರೈವರ್ ಕಡೆ ನೋಡಿದರು, ಡ್ರೈವರ್ ಮೇಲೆ ಫ್ಯಾನ್ ನೋಡಿದ. ಸವೆದ ನೋಝಲ್ ಡೀಸೆಲ್ಲನ್ನು ತುಂತುರು ಮಾಡಲ್ಲ, ಸೋರಿಸುತ್ತೆ. ಮಣ್ಣು ತುಂಬಿದ ಫಿಲ್ಟರ್ ಇದ್ದರೆ ಎಂಜಿನ್ನಿಗೆ ಉಸಿರೇ ಇಲ್ಲ. ಶಹಾಬಾದ್, ವಾಡಿ, ಸೇಡಂ ಕಡೆ ಕಲ್ಲು, ಸಿಮೆಂಟಿನ ಧೂಳಿನಲ್ಲಿ ಓಡುವ ಗಾಡಿಗಳಿಗಂತೂ ಕೇಳೋದೇ ಬೇಡ. ಅದಕ್ಕೆ ಎಥನಾಲ್ ಹಾಕೋದು ಅಂದರೆ ಮೂಗು ಕಟ್ಟಿದವನಿಗೆ ಬಾದಾಮಿ ಹಾಲು ಕುಡಿಸಿದ ಹಾಗೆ. ಮೊದಲು ಅವೆರಡು ಮಾಡಿಸಿ, ಓವರ್‌ಲೋಡ್ ಸ್ವಲ್ಪ ಬಿಡಿ, ಆಮೇಲೆ ಒಂದು ಬಿಳಿ ಬಟ್ಟೆಯನ್ನು ಸೈಲೆನ್ಸರಿನ ಬಾಯಿಗೆ ಒಂದು ಗೇಣು ದೂರ ಹಿಡಿದು ನೋಡಿ ಅಂದೆ.

ಅಷ್ಟರಲ್ಲಿ ಮುಂದಿನ ಸಾಲಿನ ಒಬ್ಬ ಹುಡುಗಿ ಎದ್ದು ಮೇಜಿನ ಹತ್ತಿರ ಬಂದು ಜಾಡಿಯನ್ನು ಬೆಳಕಿಗೆ ಹಿಡಿದಳು. ಕೆಳಗೆ ಒಂದು ತೆಳು ಪದರ, ಮೇಲೆ ಹಳದಿ ಡೀಸೆಲ್, ನಡುವೆ ಗೆರೆ ಹೊಡೆದ ಹಾಗೆ. "ಸರ್, ಇದನ್ನ ಮತ್ತೆ ಅಲ್ಲಾಡಿಸಿದರೆ ಕೂಡುತ್ತಾ?" ಅಂತ ಕೇಳಿದಳು. ಅಲ್ಲಾಡಿಸಿ ನೋಡಮ್ಮ ಅಂದೆ. ಅಲ್ಲಾಡಿಸಿದಳು. ಬೆಳ್ಳಗಾಯಿತು. ಫೋಟೋ ತೆಗೆಯೋಣ ಅಂತ ಫೋನ್ ಹಿಡಿಯುವಷ್ಟರಲ್ಲೇ ತಳದಲ್ಲಿ ಮತ್ತೆ ಗೆರೆ ಮೂಡತೊಡಗಿತ್ತು.